ದ್ರವ ಸಾರಜನಕದ ಗುಣಗಳೂ ಅಪಾಯಗಳೂ

ಹಾಲು ಉತ್ಪಾದಕರ ಸಹಕಾರ ಸಂಘಗಳಿರುವ ಗ್ರಾಮಗಳಲ್ಲಿ, ಹೊಟ್ಟೆ ದೊಡ್ಡದಾಗಿಯೂ ಕತ್ತು ಕಿರಿದಾಗಿಯೂ ಇರುವ ಅಲ್ಯೂಮಿನಿಯಂ ಜಾಡಿಯೊಂದನ್ನು ಗ್ರಾಮಸ್ಥರು ನೋಡಿಯೇ ಇರುತ್ತಾರೆ. ಬೆದೆಗೆ ಬಂದ ಹಸುವಿಗೆ ಕೃತಕ ಗರ್ಭಧಾರಣೆ ಮಾಡುವವನು ಅದರ ಮುಚ್ಚಳವನ್ನೆತ್ತಿದೊಡನೆ, ಬೆಳ್ಳಗೆ ಹೊಗೆಯಂತಿರುವ ಪದಾರ್ಥವೊಂದು ಬಾಯಿಂದ ಹೊರಬಿದ್ದು, ಹೊಗೆಯ ಹಾಗೆ ಮೇಲಕ್ಕೇಳದೆ, ಜಾಡಿಯ ಮಗ್ಗುಲಲ್ಲೇ ಇಳಿದು ನೆಲದ ಮೇಲೆ ಹರಿದು ಕಣ್ಮರೆಯಾಗುತ್ತದೆ. ನೆರೆದ ಹುಡುಗರಿಗೆ ಅದೊಂದು ವಿನೋದ. ದೊಡ್ಡವರಲ್ಲಿ ಕೆಲವರು ಅದನ್ನು ವಿಷದ ಗಾಳಿಯೆಂದು ತಿಳಿದು ದೂರ ನಿಲ್ಲುತ್ತಾರೆ. ಮತ್ತೆ ಕೆಲವರು ಮಂಜುಗಡ್ಡೆಯ ನೀರೆಂದು ಭಾವಿಸಿ ಬೆರಳಿಟ್ಟು ನೋಡಲು ಮುಂದಾಗುತ್ತಾರೆ. ಅದು ವಿಷವೂ ಅಲ್ಲ, ಮಂಜಿನ ನೀರೂ ಅಲ್ಲ.

ಈ ಜಾಡಿಯನ್ನು ಇಡುವುದಕ್ಕೆ ಸಂಘದ ಕಟ್ಟಡದಲ್ಲಿ ಸ್ಥಳವಿಲ್ಲದಾಗ, ಊರಿನ ಮುಖಂಡರೊಬ್ಬರು ತಮ್ಮ ಮನೆಯ ಉಗ್ರಾಣವನ್ನೋ ಕೊಟ್ಟಿಗೆಯ ಪಕ್ಕದ ಕೋಣೆಯನ್ನೋ ಬಿಟ್ಟುಕೊಡುವುದುಂಟು. ಬೆಲೆಯುಳ್ಳ ಪದಾರ್ಥವೆಂಬ ಕಾರಣದಿಂದ ಕಿಟಕಿಯಿಲ್ಲದ ಕೋಣೆಯನ್ನು ಆರಿಸಿ, ಬಾಗಿಲಿಗೆ ಬೀಗ ಹಾಕಿಡುವುದೂ ಉಂಟು. ಸದುದ್ದೇಶದಿಂದಲೇ ಮಾಡಿದ ಈ ಏರ್ಪಾಟು ಜಾಡಿಯಿಂದ ಒದಗಬಹುದಾದ ಅಪಾಯಗಳಲ್ಲೆಲ್ಲ ದೊಡ್ಡದಕ್ಕೆ ಎಡೆಮಾಡಿಕೊಡುತ್ತದೆ. ಕಾರಣವನ್ನರಿಯಬೇಕಾದರೆ ಜಾಡಿಯೊಳಗಿರುವ ದ್ರವದ ಗುಣಗಳನ್ನು ಮೊದಲು ತಿಳಿಯತಕ್ಕದ್ದು.

ವಾಯುವು ದ್ರವವಾಗುವ ಬಗೆ

ನಾವೆಲ್ಲರೂ ಉಸಿರಾಡುವ ಗಾಳಿಯಲ್ಲಿ ನೂರು ಪಾಲಿಗೆ ೭೮ ಪಾಲು ಸಾರಜನಕವೂ, ೨೧ ಪಾಲು ಆಮ್ಲಜನಕವೂ, ಉಳಿದ ಒಂದು ಪಾಲಿನಲ್ಲಿ ಬಹುಮಟ್ಟಿಗೆ ಆರ್ಗಾನ್ ಎಂಬ ಅನಿಲವೂ ಸೇರಿವೆ. ಇವುಗಳಲ್ಲಿ ಪ್ರಾಣವನ್ನು ಧರಿಸುವುದು ಆಮ್ಲಜನಕವೊಂದೇ. ಸಾರಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ಉರಿಯುವುದಿಲ್ಲ, ಉರಿಸುವುದೂ ಇಲ್ಲ. ಯೂರಿಯಾ ಮೂಟೆಯಲ್ಲಿರುವ ಸಾರಜನಕವೂ ಮೂಲದಲ್ಲಿ ಇದೇ ಗಾಳಿಯಿಂದ ತೆಗೆದದ್ದೆಂಬುದನ್ನು ರೈತರು ಬಲ್ಲರು.

ಯಾವ ಅನಿಲವನ್ನೇ ಆಗಲಿ ಸಾಕಷ್ಟು ತಣ್ಣಗೆ ಮಾಡಿದರೆ ಅದು ದ್ರವವಾಗುತ್ತದೆ. ಆದರೆ ಗಾಳಿಯ ವಿಷಯದಲ್ಲಿ ಆ ತಂಪಿನ ಪ್ರಮಾಣವು ಊಹೆಗೆ ಮೀರಿದ್ದು. ೧೮೭೭ರಲ್ಲಿ ಫ್ರಾನ್ಸಿನ ಕೈಯೆಟೆ ಎಂಬವನೂ ಜಿನೀವಾ ನಗರದ ಪಿಕ್ಟೆ ಎಂಬವನೂ ಆಮ್ಲಜನಕದ ಮಂಜನ್ನು ಕ್ಷಣಕಾಲ ಕಂಡರು. ೧೮೮೩ರಲ್ಲಿ ಪೋಲೆಂಡಿನ ಕ್ರಾಕೋ ನಗರದಲ್ಲಿ ವ್ರೊಬ್ಲೆವ್‌ಸ್ಕಿ ಮತ್ತು ಓಲ್‌ಶೆವ್‌ಸ್ಕಿ ಎಂಬ ಇಬ್ಬರು ವಿದ್ವಾಂಸರು ಆಮ್ಲಜನಕವನ್ನೂ ಸಾರಜನಕವನ್ನೂ ಪಾತ್ರೆಯಲ್ಲಿ ನಿಲ್ಲುವ ದ್ರವವಾಗಿ ಮಾಡಿದರು. ೧೮೯೫ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಎಂಬವನು ಅದನ್ನು ಕಾರ್ಖಾನೆಯಲ್ಲಿ ಬೇಕಾದಷ್ಟು ತಯಾರಿಸುವ ಯಂತ್ರವನ್ನು ನಿರ್ಮಿಸಿದನು. ಅದರ ತತ್ತ್ವವು ಕಷ್ಟವಾದುದಲ್ಲ. ಬೈಸಿಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನೂ, ತುಂಬಿದ ಟೈರಿನಿಂದ ಗಾಳಿ ಬಿಟ್ಟಾಗ ಅದು ತಣ್ಣಗೆ ಬೆರಳಿಗೆ ತಗಲುವುದನ್ನೂ ಎಲ್ಲರೂ ಕಂಡಿದ್ದಾರೆ. ಗಾಳಿಯನ್ನು ಬಲವಾಗಿ ಒತ್ತಿ, ಹುಟ್ಟಿದ ಬಿಸಿಯನ್ನು ನೀರಿನಿಂದ ಕಳೆದು, ಬಳಿಕ ಸಣ್ಣ ರಂಧ್ರದ ಮೂಲಕ ಬಿಟ್ಟರೆ ಅದು ತಣ್ಣಗಾಗುತ್ತದೆ. ಹೀಗೆ ತಣ್ಣಗಾದ ಗಾಳಿಯಿಂದ ಹಿಂದೆ ಬರುವ ಗಾಳಿಯನ್ನು ತಂಪುಮಾಡಿ, ಮತ್ತೆ ಮತ್ತೆ ಇದನ್ನೇ ನಡೆಸಿದರೆ ಕೊನೆಗೆ ಗಾಳಿಯು ತೊಟ್ಟಿಕ್ಕತೊಡಗುತ್ತದೆ. ಅನಂತರ ಭಟ್ಟಿಯಿಳಿಸುವ ರೀತಿಯಲ್ಲಿ ಸಾರಜನಕವನ್ನೂ ಆಮ್ಲಜನಕವನ್ನೂ ಬೇರ್ಪಡಿಸುತ್ತಾರೆ.

ಸಾರಜನಕವು ಕುದಿಯುವುದು ಸೊನ್ನೆಗಿಂತ ೧೯೬ ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಕುದಿಯುವ ನೀರಿಗೂ ಮಂಜುಗಡ್ಡೆಗೂ ಇರುವ ಅಂತರ ನೂರು ಡಿಗ್ರಿ. ಮಂಜುಗಡ್ಡೆಗೂ ಈ ದ್ರವಕ್ಕೂ ಇರುವ ಅಂತರ ಅದರ ಸುಮಾರು ಎರಡರಷ್ಟು. ಆದಕಾರಣ ಮಂಜುಗಡ್ಡೆಯು ಈ ದ್ರವದ ಪಾಲಿಗೆ ಉರಿಯುವ ಕೆಂಡವಿದ್ದಂತೆ. ಗಡ್ಡೆಯೊಂದನ್ನು ಅದರೊಳಕ್ಕೆ ಹಾಕಿದರೆ ಒಲೆಯ ಮೇಲಿಟ್ಟ ನೀರಿನಂತೆ ಕೊತಕೊತನೆ ಕುದಿಯುತ್ತದೆ. ಹೀಗೆ ಸದಾ ಕುದಿಯುತ್ತಲೇ ಇರುವುದು ಅದರ ಸ್ವಭಾವ. ಅದು ಎಂದಿಗೂ ಸುಮ್ಮನೆ ನಿಂತಿರುವ ದ್ರವವಲ್ಲ.

ಅಡಿಗೆಮನೆಯ ಸಿಲಿಂಡರಿನಲ್ಲಿರುವ ಅನಿಲವೂ ದ್ರವವೇ ಅಲ್ಲವೇ ಎಂದು ಕೆಲವರು ಕೇಳಬಹುದು. ಅದು ಒತ್ತಡದಿಂದ ದ್ರವವಾಗಿರುವುದು, ತಂಪಿನಿಂದಲ್ಲ. ಅದರ ಪಾತ್ರೆಯು ದಪ್ಪ ಉಕ್ಕಿನದು, ಬಾಯಿ ಭದ್ರವಾಗಿ ಮುಚ್ಚಿರತಕ್ಕದ್ದು. ದ್ರವ ಸಾರಜನಕದ ಜಾಡಿಯ ವಿಧಾನವು ಇದಕ್ಕೆ ತೀರ ವಿರುದ್ಧ: ಪಾತ್ರೆ ತೆಳುವು, ಬಾಯಿಯನ್ನು ಎಂದಿಗೂ ಬಿಗಿಯಕೂಡದು. ಸಿಲಿಂಡರಿನ ಅಭ್ಯಾಸವನ್ನು ಜಾಡಿಗೆ ತರುವವರೇ ಹೆಚ್ಚಾಗಿ ತಪ್ಪುಮಾಡುತ್ತಾರೆ.

ಜಾಡಿಯ ರಚನೆಯೂ ತಿಳಿಯತಕ್ಕ ಸಂಗತಿಯೇ. ೧೮೯೨ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಡ್ಯೂವರ್ ಎಂಬ ರಸಾಯನಶಾಸ್ತ್ರಜ್ಞನು, ಒಂದರೊಳಗೊಂದು ಇಟ್ಟ ಎರಡು ಪಾತ್ರೆಗಳ ನಡುವಿನ ಗಾಳಿಯನ್ನೆಲ್ಲ ಹೊರತೆಗೆದು, ಹೊರಗಿನ ಶಾಖವು ಒಳಗೆ ಸೇರದಂತೆ ಮಾಡಿದನು. ಕಾಫಿಯನ್ನು ಬಿಸಿಯಾಗಿಡುವ ಫ್ಲಾಸ್ಕು ಇದೇ ಉಪಾಯದ ಫಲ. ಸಂಘದ ಜಾಡಿಯಲ್ಲಿಯೂ ಎರಡು ಗೋಡೆಗಳಿವೆ, ನಡುವೆ ಶೂನ್ಯವಿದೆ. ಒಳಪಾತ್ರೆಯು ಕತ್ತಿನಿಂದ ಮಾತ್ರ ತೂಗುಹಾಕಿಕೊಂಡಿರುತ್ತದೆ. ಜಾಡಿಯನ್ನು ನೆಲಕ್ಕೆ ಕುಕ್ಕಿದರೆ, ಉರುಳಿಸಿದರೆ, ಎತ್ತಿನ ಗಾಡಿಯ ಮೂಲೆಯಲ್ಲೋ ಟ್ರಾಕ್ಟರಿನ ಟ್ರೈಲರಿನಲ್ಲೋ ಕಟ್ಟದೆ ಸಾಗಿಸಿದರೆ ಈ ಕತ್ತು ಬಿರುಕುಬಿಟ್ಟು ಶೂನ್ಯವು ಕೆಡುತ್ತದೆ. ಹೊರಗಿನಿಂದ ನೋಡಿದರೆ ಜಾಡಿಗೆ ಏನೂ ಆದಂತೆ ಕಾಣುವುದಿಲ್ಲ.

ರಾಸುಗಳಿಗೆ ಇದರ ಉಪಯೋಗ

ಭಾರತದಲ್ಲಿ ಕೃತಕ ಗರ್ಭಧಾರಣೆಯು ಮೊದಲು ನಡೆದದ್ದು ಮೈಸೂರಿನಲ್ಲಿಯೇ. ೧೯೩೯ರಲ್ಲಿ ಮೈಸೂರಿನ ಅರಮನೆಯ ಡೈರಿಯಲ್ಲಿ ಸಂಪತ್‌ಕುಮಾರನ್ ಎಂಬವರು ಈ ಪ್ರಯೋಗವನ್ನು ಮಾಡಿದರು. ಆಗ ವೀರ್ಯವನ್ನು ಕೆಲವು ದಿನಗಳಿಗಿಂತ ಹೆಚ್ಚು ಕಾಲ ಕಾಪಾಡುವ ಮಾರ್ಗವಿರಲಿಲ್ಲ. ಹೆಪ್ಪುಗಟ್ಟಿಸಿದರೆ ವೀರ್ಯಾಣುಗಳೊಳಗಿನ ನೀರು ಮಂಜಿನ ಹರಳಾಗಿ ಅವುಗಳನ್ನು ಸೀಳಿಬಿಡುತ್ತಿದ್ದಿತು. ೧೯೪೯ರಲ್ಲಿ ಲಂಡನ್ನಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು, ಹುಂಜದ ವೀರ್ಯಕ್ಕೆ ಗ್ಲಿಸರಿನ್ ಬೆರೆಸಿದರೆ ಅದು ಹೆಪ್ಪುಗಟ್ಟಿಯೂ ಬದುಕುಳಿಯುವುದೆಂದು ಕಂಡುಹಿಡಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಹೋರಿಯ ವೀರ್ಯಕ್ಕೂ ಅದು ಒಗ್ಗಿತು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಕೇಂದ್ರ ಸಂಸ್ಥೆಯು ೧೯೬೯ರಲ್ಲಿ ಸ್ಥಾಪಿತವಾಯಿತು. ಇಂದು ಊರಿಗೆ ಬೀಜದ ಹೋರಿಯನ್ನು ತರದೆ, ಎಂದೋ ಸತ್ತ ಉತ್ತಮ ಹೋರಿಯ ಸಂತತಿಯನ್ನೂ ಪಡೆಯುವುದು ಸಾಧ್ಯವಾಗಿರುವುದು ಈ ದ್ರವದ ದೆಸೆಯಿಂದ.

ವೀರ್ಯವನ್ನು ತುಂಬುವ ಸಣ್ಣ ನಳಿಕೆಯು ಕಾಲು ಮಿಲಿಲೀಟರ್ ಹಿಡಿಯುತ್ತದೆ. ಹೆಪ್ಪುಗಟ್ಟಿಸುವಾಗ ಅದರೊಳಗೆ ಸುಮಾರು ಎರಡು ಕೋಟಿ ವೀರ್ಯಾಣುಗಳಿರುತ್ತವೆ. ದ್ರವದೊಳಗೆ ಮುಳುಗಿರುವವರೆಗೆ ಅವು ಹತ್ತಾರು ವರ್ಷ ಕೆಡುವುದಿಲ್ಲ. ಆದರೆ ಸೊನ್ನೆಗಿಂತ ಸುಮಾರು ೧೩೦ ಡಿಗ್ರಿ ಕೆಳಗಿನ ಮಟ್ಟವನ್ನು ದಾಟಿ ಮೇಲಕ್ಕೆ ಬಂದೊಡನೆ, ಒಳಗಿನ ಮಂಜಿನ ಹರಳುಗಳು ಬೆಳೆಯಲಾರಂಭಿಸುತ್ತವೆ. ನಳಿಕೆ ಇನ್ನೂ ಕಲ್ಲಿನಂತೆಯೇ ಇರುತ್ತದೆ. ಅದನ್ನು ಮತ್ತೆ ಮುಳುಗಿಸಿದರೆ ಮೊದಲಿನಂತೆಯೇ ಕಾಣುತ್ತದೆ. ಒಳಗೆ ಮಾತ್ರ ಜೀವವಿರುವುದಿಲ್ಲ. ಬೇರೆ ನಳಿಕೆಯನ್ನು ಹುಡುಕುವ ಸಲುವಾಗಿ ಡಬ್ಬಿಯನ್ನು ಜಾಡಿಯ ಬಾಯಿಯವರೆಗೆ ಎತ್ತಿ ಹಿಡಿದು ಮಾತನಾಡುತ್ತ ನಿಲ್ಲುವುದರಿಂದ ಹೀಗಾಗುತ್ತದೆ. ಡಬ್ಬಿಯನ್ನು ಕತ್ತಿನ ಕೆಳಗೇ ಇರಿಸಿ, ಐದಾರು ಎಣಿಸುವುದರೊಳಗೆ ನಳಿಕೆಯನ್ನು ಚಿಮುಟದಿಂದ ತೆಗೆದು, ಉಳಿದವನ್ನು ಇಳಿಸಿಬಿಡತಕ್ಕದ್ದು.

ಇದರ ನಷ್ಟವು ಬೀಳುವುದು ರಾಸಿನ ಒಡೆಯನ ಮೇಲೆ. ಸತ್ತ ವೀರ್ಯದಿಂದ ಹಸು ಗಬ್ಬ ನಿಲ್ಲುವುದಿಲ್ಲ. ೨೧ ದಿನಗಳ ಮೇಲೆ ಮತ್ತೆ ಬೆದೆಗೆ ಬರುತ್ತದೆ. ಎರಡು ಮೂರು ಸಲ ಹೀಗಾದಮೇಲೆ ಹಸುವು ಗೊಡ್ಡೆಂದು ಹೆಸರು ಪಡೆದು, ಒಳ್ಳೆಯ ಹಾಲಿನ ರಾಸು ಅಗ್ಗದ ಬೆಲೆಗೆ ಸಂತೆಗೆ ಹೋಗುತ್ತದೆ. ಒಂದೇ ಊರಿನಲ್ಲಿ ಅನೇಕ ಹಸುಗಳು ಒಟ್ಟಿಗೆ ಹೀಗೆ ಮರುಬೆದೆಗೆ ಬರತೊಡಗಿದರೆ, ಹಸುಗಳನ್ನು ಶಂಕಿಸುವುದಕ್ಕೆ ಮುಂಚೆ ಜಾಡಿಯನ್ನು ಶಂಕಿಸುವುದು ವಿವೇಕ.

ಜಾಡಿಯಲ್ಲಿ ಎಷ್ಟು ದ್ರವವಿದೆಯೆಂಬುದನ್ನು ಅಳೆಯುವುದು ಸುಲಭ. ಇದಕ್ಕಾಗಿಯೇ ಕೊಡುವ ಕಪ್ಪು ಅಳತೆಪಟ್ಟಿಯನ್ನು ತಳ ಮುಟ್ಟುವಂತೆ ಇಳಿಸಿ, ಹತ್ತು ಹದಿನೈದು ಎಣಿಸಿ, ಹೊರತೆಗೆದು ಗಾಳಿಯಲ್ಲಿ ಆಡಿಸಿದರೆ, ದ್ರವವಿದ್ದ ಎತ್ತರದವರೆಗೆ ಬಿಳಿಯ ಮಂಜು ಕೂಡುತ್ತದೆ. ಟೊಳ್ಳಾದ ಕೊಳವೆಯನ್ನು ಇಳಿಸಕೂಡದು. ದ್ರವವು ಅದರೊಳಗಿನಿಂದ ಚಿಮ್ಮಿ ಮುಖಕ್ಕೆ ಹಾರುತ್ತದೆ. ಟಾರ್ಚ್ ಬೆಳಕು ಬಿಟ್ಟು ಬಗ್ಗಿ ನೋಡುವುದರಿಂದ ತಿಳಿಯುವುದೂ ಕಡಮೆ, ಕಣ್ಣಿಗೆ ಕೇಡೂ ಉಂಟು. ವಾರಕ್ಕೊಮ್ಮೆಯಾದರೂ ಅಳೆದು ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಮಟ್ಟವು ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿಯಲು ಬಿಡಕೂಡದು. ಹಿಂದಿಗಿಂತ ಬೇಗ ಬೇಗನೆ ಇಳಿಯುತ್ತಿದ್ದರೆ, ಅಥವಾ ಜಾಡಿಯ ಹೊರಮೈ ಬೆವರಿ ಮಂಜು ಕಟ್ಟಿದರೆ, ಗೋಡೆಗಳ ನಡುವಿನ ಶೂನ್ಯವು ಕೆಟ್ಟಿತೆಂದು ತಿಳಿದು, ಅದೇ ದಿನವೇ ನಳಿಕೆಗಳನ್ನು ಬೇರೆ ಜಾಡಿಗೆ ಸೇರಿಸತಕ್ಕದ್ದು.

ಶೀತದಿಂದಾಗುವ ಸುಟ್ಟಗಾಯ

ಈ ದ್ರವದ ತೊಟ್ಟೊಂದು ಅಂಗೈ ಮೇಲೆ ಬಿದ್ದರೆ ಕಾದ ಹೆಂಚಿನ ಮೇಲಿನ ನೀರಿನ ಹನಿಯಂತೆ ಉರುಳಿಹೋಗುತ್ತದೆ. ಚರ್ಮಕ್ಕೂ ಹನಿಗೂ ಮಧ್ಯೆ ಆವಿಯ ತೆಳುವಾದ ಪೊರೆ ಏರ್ಪಡುವುದೇ ಇದಕ್ಕೆ ಕಾರಣ. ಇದನ್ನು ಕಂಡ ಕೆಲವರು ಧೈರ್ಯಗೊಂಡು ಕೈಯಲ್ಲಿ ಹಿಡಿದು ತೋರಿಸುವುದುಂಟು. ಆದರೆ ದ್ರವವು ಒಂದೆಡೆ ನಿಂತರೆ, ಅಥವಾ ಬಟ್ಟೆಗೆ ಹೀರಿಕೊಂಡರೆ, ಬೂಟಿನೊಳಗೆ ಇಳಿದರೆ, ಉಂಗುರದ ಅಡಿ ಸಿಕ್ಕಿಕೊಂಡರೆ ಆ ಪೊರೆಯ ರಕ್ಷಣೆ ಇಲ್ಲ. ಮಾಂಸವು ಹೆಪ್ಪುಗಟ್ಟಿ ಬೆಳ್ಳಗಾಗಿ, ಕೆಲಕಾಲ ನೋವೂ ಇಲ್ಲದೆ ಮರಗಟ್ಟಿರುತ್ತದೆ. ಕರಗಿದಮೇಲೆ ಬೆಂಕಿಯಲ್ಲಿ ಸುಟ್ಟಂತೆ ಬೊಬ್ಬೆಯೇಳುತ್ತದೆ. ದ್ರವದಲ್ಲಿ ಅದ್ದಿದ ಲೋಹವನ್ನು ಬರಿಗೈಯಲ್ಲಿ ಮುಟ್ಟಿದರೆ ಚರ್ಮವು ಅಂಟಿಕೊಂಡು ಕಿತ್ತುಬರುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು.

ದ್ರವವನ್ನು ಸುರಿಯುವಾಗ ಒಣಗಿದ, ಸಡಿಲವಾದ, ಕೊಡವಿದರೆ ಕಳಚಿಬೀಳುವ ಕೈಗವಸುಗಳನ್ನು ಧರಿಸತಕ್ಕದ್ದು. ಬಿಗಿಯಾದ ಉಣ್ಣೆಯ ಕೈಗವಸು ಬರಿಗೈಗಿಂತಲೂ ಕೆಟ್ಟದ್ದು. ಕಣ್ಣಿಗೆ ಕನ್ನಡಕ ಇರಲೇಬೇಕು. ಷರಾಯಿಯ ಕಾಲನ್ನು ಬೂಟಿನ ಹೊರಕ್ಕೆ ಬಿಡತಕ್ಕದ್ದು, ಒಳಕ್ಕೆ ಸೇರಿಸಕೂಡದು. ಬೆಚ್ಚಗಿರುವ ಹೊಸ ಜಾಡಿಗೆ ತುಂಬುವಾಗ ಬಹು ನಿಧಾನವಾಗಿ, ಸ್ವಲ್ಪ ಸ್ವಲ್ಪವಾಗಿ ಸುರಿಯತಕ್ಕದ್ದು. ಒಮ್ಮೆಲೇ ಸುರಿದರೆ ಕುದಿದು ಮೇಲಕ್ಕೆ ಎರಚುತ್ತದೆ.

ಗಾಯವಾದಲ್ಲಿ ಅದನ್ನು ಉಜ್ಜುವುದು, ಬೆಂಕಿಗೆ ಹಿಡಿಯುವುದು, ಎಣ್ಣೆಯನ್ನೋ ಸುಣ್ಣವನ್ನೋ ಹಚ್ಚುವುದು ಕೂಡದು. ಅಂಟಿಕೊಂಡ ಬಟ್ಟೆಯನ್ನು ಎಳೆಯದೆ, ಉಂಗುರ ಬಳೆಗಳು ಸುಲಭವಾಗಿ ಬರುವಂತಿದ್ದರೆ ತೆಗೆದು, ಕೂಸಿಗೆ ಸ್ನಾನ ಮಾಡಿಸುವಷ್ಟು ಹದವಾದ ಬೆಚ್ಚನೆಯ ನೀರಿನಲ್ಲಿ, ಅಂದರೆ ೩೭ರಿಂದ ೪೦ ಡಿಗ್ರಿ ಶಾಖದ ನೀರಿನಲ್ಲಿ, ಅಂಗವನ್ನು ಮುಳುಗಿಸಿಟ್ಟು, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಸುತ್ತಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬೀಡಿ ಸಿಗರೇಟುಗಳನ್ನೂ ಮದ್ಯವನ್ನೂ ಕೊಡಕೂಡದು.

ಜಾತ್ರೆ ಮದುವೆಗಳ ವ್ಯವಸ್ಥೆ ಮಾಡುವ ಮುಖಂಡರು ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಬಿಸ್ಕತ್ತು, ಬೀಡ ಮುಂತಾದವನ್ನು ದ್ರವ ಸಾರಜನಕದಲ್ಲಿ ಅದ್ದಿ, ತಿನ್ನುವವರ ಬಾಯಿಂದ ಹೊಗೆ ಬರುವಂತೆ ಮಾಡಿ ಮಾರುವ ಪದ್ಧತಿಯು ಈಚೆಗೆ ಹಬ್ಬಿದ್ದಿತು. ೨೦೨೪ರಲ್ಲಿ ದಾವಣಗೆರೆಯ ವಸ್ತುಪ್ರದರ್ಶನವೊಂದರಲ್ಲಿ ಇಂಥ ಬಿಸ್ಕತ್ತು ತಿಂದ ಬಾಲಕನೊಬ್ಬನು ನರಳಿದನು. ಬೆಂಗಳೂರಿನ ಮದುವೆಯೊಂದರಲ್ಲಿ ಹೊಗೆಯ ಬೀಡ ತಿಂದ ಹನ್ನೆರಡು ವರ್ಷದ ಬಾಲಕಿಯ ಜಠರದಲ್ಲಿ ತೂತುಬಿದ್ದು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಒಂದು ಚಮಚದಷ್ಟು, ಅಂದರೆ ಐದು ಮಿಲಿಲೀಟರ್ ದ್ರವವು ಹೊಟ್ಟೆಗೆ ಹೋದರೆ, ಅಲ್ಲಿ ಮೂರೂವರೆ ಲೀಟರ್ ಅನಿಲವಾಗಿ ಉಬ್ಬುತ್ತದೆ; ಮಗುವಿನ ಜಠರವು ಅಷ್ಟನ್ನು ತಾಳಲಾರದು. ತಿಂಡಿಗಳೊಡನೆ ಈ ದ್ರವವನ್ನು ಬಳಸಕೂಡದೆಂದು ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಅದೇ ವರ್ಷ ಆದೇಶವಿತ್ತರು. ಜಾತ್ರೆಯಲ್ಲಿ ಅಂಗಡಿಗೆ ಸ್ಥಳ ಕೊಡುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಬಿಗಿದರೆ ಸಿಡಿಯುವುದು

ಒಂದು ಲೀಟರ್ ದ್ರವ ಸಾರಜನಕವು ಆವಿಯಾಗಿ ಬೆಚ್ಚಗಾದರೆ ಸುಮಾರು ೭೦೦ ಲೀಟರ್ ಅನಿಲವಾಗುತ್ತದೆ. ಅದಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಯಾವ ಪಾತ್ರೆಯೂ ಅದನ್ನು ತಡೆಯಲಾರದು. ೨೦೦೬ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ವಿಶ್ವವಿದ್ಯಾನಿಲಯವೊಂದರಲ್ಲಿ, ದ್ರವ ಸಾರಜನಕದ ತೊಟ್ಟಿಯ ಒತ್ತಡ ಬಿಡುವ ರಂಧ್ರಗಳನ್ನು ಯಾರೋ ಹಿತ್ತಾಳೆಯ ಬಿರಡೆಗಳಿಂದ ಮುಚ್ಚಿಬಿಟ್ಟಿದ್ದರು. ಒಂದು ರಾತ್ರಿ ಅದು ಸಿಡಿದು, ಕಾಂಕ್ರೀಟಿನ ಮಾಳಿಗೆಯನ್ನು ತೂರಿಕೊಂಡು ಮೇಲಿನ ಅಂತಸ್ತಿಗೆ ಹಾರಿತು. ಬೆಳಗಿನ ಜಾವವಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ.

ಜಾಡಿಯ ಮುಚ್ಚಳವು ಸಡಿಲವಾಗಿರುವುದನ್ನು ಕಂಡು, ದ್ರವವು ವ್ಯರ್ಥವಾಗಿ ಹೋಗುತ್ತದೆಂದು ಮರುಗಿ, ಬಟ್ಟೆಯನ್ನು ಗಿಡಿಯುವವರೂ ರಬ್ಬರಿನ ಬಿರಡೆಯನ್ನು ಒತ್ತುವವರೂ ಇದ್ದಾರೆ. ಅವರ ಮಿತವ್ಯಯವನ್ನು ಮೆಚ್ಚಬಹುದು, ಕೆಲಸವನ್ನು ಮೆಚ್ಚುವಂತಿಲ್ಲ. ಆ ಸಡಿಲವು ತಯಾರಿಸಿದವರ ಲೋಪವಲ್ಲ, ಬೇಕೆಂದೇ ಇಟ್ಟದ್ದು. ಹಾಗೆಯೇ ಕಾಲಿನ ಆಣಿ, ನರುಳ್ಳೆಗಳನ್ನು ಸುಡಲೆಂದೋ ಮಕ್ಕಳಿಗೆ ಆಟ ತೋರಿಸಲೆಂದೋ ಸ್ವಲ್ಪ ದ್ರವವನ್ನು ತಿರುಪಿನ ಮುಚ್ಚಳವಿರುವ ಕಾಫಿ ಫ್ಲಾಸ್ಕಿನಲ್ಲಿ ಬೇಡಿ ಒಯ್ಯುವುದುಂಟು. ಮುಚ್ಚಳ ತಿರುಗಿಸಿದ ಫ್ಲಾಸ್ಕು ಗುಂಡಿನಂತೆ ಸಿಡಿಯುತ್ತದೆ. ಯಾರು ಬೇಡಿದರೂ ಕೊಡಕೂಡದು.

ಶೀತಕ್ಕೆ ಪದಾರ್ಥಗಳ ಸ್ವಭಾವವೂ ಬದಲಾಗುತ್ತದೆ. ರಬ್ಬರು ಗಾಜಿನಂತೆ ಒಡೆಯುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಬಿರಿಯುತ್ತದೆ. ಸಾಧಾರಣ ಉಕ್ಕು ಪೆಡಸಾಗುತ್ತದೆ. ೧೯೪೪ರ ಅಕ್ಟೋಬರ್ ೨೦ರಂದು ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ, ಶೀತದಿಂದ ದ್ರವವಾಗಿಸಿದ ಉರುವಲು ಅನಿಲದ ಉಕ್ಕಿನ ತೊಟ್ಟಿಯೊಂದು ಒಡೆದು, ದ್ರವವು ಬೀದಿ ಚರಂಡಿಗಳಲ್ಲಿ ಹರಿದು ಹೊತ್ತಿಕೊಂಡು ಸುಮಾರು ೧೩೦ ಮಂದಿ ಮಡಿದರು. ಆ ಶೀತವನ್ನು ತಡೆಯಲಾರದ ಉಕ್ಕನ್ನು ಬಳಸಿದ್ದು ಅದರ ಕಾರಣಗಳಲ್ಲಿ ಒಂದೆಂದು ಎಣಿಸಲಾಯಿತು. ಅಲ್ಯೂಮಿನಿಯಮ್ಮಿಗೆ ಈ ದೋಷವಿಲ್ಲದಿರುವುದರಿಂದಲೇ ಜಾಡಿಗಳನ್ನು ಅದರಿಂದ ಮಾಡುತ್ತಾರೆ.

ಕಾಣದೆ ಬರುವ ಅಪಾಯ

ಶೀತವನ್ನೂ ಸಿಡಿತವನ್ನೂ ಮನುಷ್ಯನು ಬೇಗ ಅರಿತುಕೊಳ್ಳುತ್ತಾನೆ. ಹೆಚ್ಚು ಪ್ರಾಣಗಳನ್ನು ತೆಗೆದುಕೊಂಡಿರುವುದು ಇವೆರಡೂ ಅಲ್ಲ, ಉಸಿರು ಕಟ್ಟುವುದು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಹಳೆಯ ಕಾಲದ ಮನೆಗಳಲ್ಲಿ ರಾಗಿ ಜೋಳಗಳನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವಿನ ಬಾಯಿ ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ; ಮೊದಲು ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರಿದರೆ ಒಳಗೆ ಕೆಟ್ಟ ಗಾಳಿಯಿದೆಯೆಂದು ತಿಳಿದು ಕಾಯುತ್ತಿದ್ದರು. ಆ ಎಚ್ಚರವಿಲ್ಲದೆ ಇಳಿದವನನ್ನೂ, ಅವನನ್ನೆತ್ತಲು ಇಳಿದ ಮಗನನ್ನೋ ಆಳನ್ನೋ ಕಳೆದುಕೊಂಡ ಮನೆತನಗಳ ಕಥೆಗಳನ್ನು ಹಿರಿಯರು ಬಲ್ಲರು. ದ್ರವ ಸಾರಜನಕವು ಚೆಲ್ಲಿದ ಮುಚ್ಚಿದ ಕೋಣೆಯೂ ಅಂಥ ಹಗೇವೇ. ವ್ಯತ್ಯಾಸವೊಂದುಂಟು, ಅದು ಒಳ್ಳೆಯದಕ್ಕಲ್ಲ. ಹಗೇವಿನಲ್ಲಿ ಧಾನ್ಯದ ಉಸಿರಿನಿಂದ ಇಂಗಾಲಾಮ್ಲ ವಾಯು ತುಂಬಿರುತ್ತದೆ. ಅದನ್ನು ಸೇದಿದರೆ ಎದೆ ಬಿಗಿದು ಏದುಸಿರು ಬರುತ್ತದೆ. ಮನುಷ್ಯನ ದೇಹಕ್ಕೆ ಉಸಿರುಗಟ್ಟಿದ ಅನುಭವವಾಗುವುದು ಇಂಗಾಲಾಮ್ಲ ಹೆಚ್ಚಿದಾಗಲೇ ಹೊರತು ಆಮ್ಲಜನಕ ಕಡಮೆಯಾದಾಗ ಅಲ್ಲ. ಸಾರಜನಕವು ತುಂಬಿದ ಕೋಣೆಯಲ್ಲಿ ಉಸಿರು ಸಲೀಸಾಗಿಯೇ ಆಡುತ್ತಿರುತ್ತದೆ. ವಾಸನೆಯಿಲ್ಲ, ಕೆಮ್ಮಿಲ್ಲ, ಸಂಕಟವಿಲ್ಲ. ಆಮ್ಲಜನಕದ ಪಾಲು ನೂರಕ್ಕೆ ೧೯½ಕ್ಕಿಂತ ಕೆಳಗಿಳಿದರೆ ಕ್ಷೇಮವಲ್ಲವೆಂದು ಎಣಿಸುತ್ತಾರೆ. ಹತ್ತಕ್ಕಿಂತ ಕೆಳಗಾದರೆ ಎಚ್ಚರ ತಪ್ಪುತ್ತದೆ. ಆರಕ್ಕಿಂತ ಕಡಮೆಯಿರುವ ಕಡೆಯಲ್ಲಿ ಎರಡು ಮೂರು ಉಸಿರುಗಳೊಳಗಾಗಿ, ಬಾಗಿಲ ಕಡೆಗೆ ತಿರುಗುವುದಕ್ಕೂ ಮುಂಚೆ, ಮನುಷ್ಯನು ಬೀಳುತ್ತಾನೆ.

ಲೆಕ್ಕ ಹಾಕಿ ನೋಡಬಹುದು. ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಎತ್ತರದ ಕೋಣೆಯು ಸುಮಾರು ೨೨,೬೦೦ ಲೀಟರ್ ಗಾಳಿಯನ್ನು ಹಿಡಿಯುತ್ತದೆ. ೩೫ ಲೀಟರ್ ಜಾಡಿಯು ಅಲ್ಲಿ ಉರುಳಿ ಪೂರ್ತಿ ಚೆಲ್ಲಿದರೆ ಹುಟ್ಟುವ ಸಾರಜನಕವು ೨೪,೦೦೦ ಲೀಟರಿಗೂ ಹೆಚ್ಚು, ಅಂದರೆ ಕೋಣೆಯ ಗಾಳಿಗಿಂತಲೂ ಅಧಿಕ. ಬಾಗಿಲ ಸಂದಿನಿಂದ ಒಂದಿಷ್ಟು ಹೊರಹೋಗಿ, ಉಳಿದದ್ದು ಗಾಳಿಯೊಡನೆ ಚೆನ್ನಾಗಿ ಬೆರೆತರೂ ಆಮ್ಲಜನಕದ ಪಾಲು ೨೧ರಿಂದ ಸುಮಾರು ೭ಕ್ಕೆ ಇಳಿಯುತ್ತದೆ. ಬೆರೆಯುವುದಕ್ಕೆ ಮೊದಲು ತಣ್ಣನೆಯ ಸಾರಜನಕವು ಗಾಳಿಗಿಂತ ಭಾರವಾಗಿ ನೆಲದ ಮಟ್ಟದಲ್ಲೇ ನಿಂತಿರುವುದರಿಂದ, ಬಗ್ಗಿದವನಿಗೂ ಕುಳಿತವನಿಗೂ ನೆಲದ ಮೇಲೆ ಮಲಗಿದವನಿಗೂ ಅಪಾಯ ಇನ್ನೂ ಹೆಚ್ಚು. ಕಾರ್ಯಕರ್ತರು ಬೈಕಿನಲ್ಲಿ ಒಯ್ಯುವ ಮೂರು ಲೀಟರ್ ಜಾಡಿಯು ಬಯಲಿನಲ್ಲಿ ನಿರಪಾಯಕರವಾದುದು. ಅದೇ ಜಾಡಿಯು ಗಾಜುಗಳನ್ನೇರಿಸಿದ ಕಾರಿನಲ್ಲಿ ಮಗುಚಿದರೆ ಒಳಗಿನ ಆಮ್ಲಜನಕವು ಅರ್ಧಕ್ಕೆ ಇಳಿಯಬಹುದು. ಹಾಗೆಂದು ಸುಸ್ಥಿತಿಯಲ್ಲಿರುವ ಜಾಡಿಗೆ ಹೆದರಬೇಕಾದುದಿಲ್ಲ. ದಿನಕ್ಕೆ ಕಾಲು ಲೀಟರ್ ಆವಿಯಾದರೂ ಅದು ೧೭೫ ಲೀಟರ್ ಅನಿಲವಷ್ಟೆ. ಗಾಳಿಯಾಡುವ ಕೋಣೆಯಲ್ಲಿ ಅದು ಲೆಕ್ಕಕ್ಕೆ ಬಾರದು.

ಜಾಡಿಯ ಬಾಯಿಂದ ಕಾಣುವ ಬಿಳಿಯ ಹೊಗೆಯನ್ನೇ ಸಾರಜನಕವೆಂದು ತಿಳಿಯುವುದು ಮತ್ತೊಂದು ತಪ್ಪು. ಅದು ಗಾಳಿಯಲ್ಲಿರುವ ತೇವವು ತಣ್ಣಗಾಗಿ ಮಂಜಾದದ್ದು. ಸಾರಜನಕವು ಕಣ್ಣಿಗೆ ಕಾಣುವುದೇ ಇಲ್ಲ. ಮಂಜು ಕರಗಿತೆಂದು ಒಳಗೆ ಹೋಗುವವನು ಅಪಾಯ ಕಳೆಯಿತೆಂದು ಭ್ರಮಿಸುತ್ತಾನೆ.

೨೦೨೧ರ ಜನವರಿ ೨೮ರಂದು ಅಮೆರಿಕದ ಜಾರ್ಜಿಯಾ ಪ್ರಾಂತದ ಗೇನ್ಸ್‌ವಿಲ್ ಎಂಬ ಊರಿನಲ್ಲಿ, ಕೋಳಿಮಾಂಸವನ್ನು ದ್ರವ ಸಾರಜನಕದಲ್ಲಿ ಮುಳುಗಿಸಿ ಹೆಪ್ಪುಗಟ್ಟಿಸುವ ಕಾರ್ಖಾನೆಯೊಂದರಲ್ಲಿ ನಡೆದ ಅನಾಹುತವು ಇದಕ್ಕೆಲ್ಲ ನಿದರ್ಶನ. ಯಂತ್ರದೊಳಗೆ ದ್ರವದ ಮಟ್ಟವನ್ನಳೆಯುವ ಸಣ್ಣ ಕೊಳವೆಯೊಂದು ಬಾಗಿದ್ದಿತು. ಮಟ್ಟ ತಿಳಿಯದೆ ದ್ರವವು ತುಂಬಿ ತುಳುಕಿ ಕೋಣೆಯಲ್ಲಿ ಹರಡಿತು. ದುರಸ್ತಿಯಲ್ಲಿ ತೊಡಗಿದ್ದ ಇಬ್ಬರು ಮೊದಲು ಸತ್ತರು. ಅವರು ಏನಾದರೆಂದು ನೋಡಲೂ ಎಳೆದು ತರಲೂ ಹತ್ತಾರು ಮಂದಿ ಒಳಗೆ ಹೋದರು. ಅವರಲ್ಲಿ ನಾಲ್ವರು ಸತ್ತರು. ಒಟ್ಟು ಆರು ಪ್ರಾಣಗಳು. ಕಾರಣವಾದ ಕೊಳವೆ ಒಂದೇ. ಆದರೆ ಆರರಲ್ಲಿ ನಾಲ್ಕು ಪ್ರಾಣಗಳು ಹೋದದ್ದು ಬಿದ್ದವರ ಮೇಲಿನ ಮಮತೆಯಿಂದ.

ಆದುದರಿಂದ ಜಾಡಿಯಿರುವ ಕೋಣೆಯಲ್ಲಿ ಯಾರಾದರೂ ಬಿದ್ದಿರುವುದು ಕಂಡರೆ ಒಳಗೆ ನುಗ್ಗಕೂಡದು. ಹೊರಗಿನಿಂದಲೇ ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಬೇಕಾದರೆ ಹೆಂಚನ್ನೂ ಕಿತ್ತು, ಗಾಳಿ ಆಡುವಂತೆ ಮಾಡತಕ್ಕದ್ದು. ಬಿದ್ದವನು ಬಾಗಿಲಿನ ಬಳಿಯಿದ್ದರೆ ದೋಟಿಯಿಂದಲೋ ಹಗ್ಗದಿಂದಲೋ ಹೊರಗೆ ನಿಂತೇ ಎಳೆಯಬಹುದು. ೧೧೨ಕ್ಕೆ ಕರೆಮಾಡಿ ಅಗ್ನಿಶಾಮಕ ದಳದವರನ್ನೂ ೧೦೮ರ ವಾಹನವನ್ನೂ ಕರೆಸತಕ್ಕದ್ದು. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಳ್ಳುವುದರಿಂದ ಯಾವ ಪ್ರಯೋಜನವೂ ಇಲ್ಲ. ಬಟ್ಟೆಯು ಹೊಗೆಯನ್ನು ತಡೆದೀತು, ಇಲ್ಲದ ಆಮ್ಲಜನಕವನ್ನು ತಂದುಕೊಡಲಾರದು. ಹೊರತಂದವನಲ್ಲಿ ಉಸಿರಿಲ್ಲದಿದ್ದರೆ, ಬಲ್ಲವರು ಕೂಡಲೇ ಕೃತಕ ಉಸಿರಾಟವನ್ನು ಆರಂಭಿಸತಕ್ಕದ್ದು.

ಜಾಡಿಗೆ ಸ್ಥಳ ಕೊಡುವವರು ನೆಲಮಾಳಿಗೆ, ಮಲಗುವ ಕೋಣೆ, ಮೆಟ್ಟಿಲ ಕೆಳಗಿನ ಗೂಡು, ಕಿಟಕಿಯಿಲ್ಲದ ಉಗ್ರಾಣ ಇವುಗಳನ್ನು ಕೊಡಕೂಡದು. ಎದುರು ಬದುರಾಗಿ ಕಿಟಕಿಗಳೂ, ನೆಲದಿಂದ ಗೇಣುದ್ದದೊಳಗೆ ಒಂದೆರಡು ಗಾಳಿಗಿಂಡಿಗಳೂ ಇರಬೇಕು. ಮೇಲಿನ ಕಿಟಕಿ ಒಂದರಿಂದಲೇ ಭಾರವಾದ ಅನಿಲವು ಹೋಗುವುದಿಲ್ಲ. ಕಳವಿನ ಭಯವಿದ್ದರೆ ಗಿಂಡಿಗೆ ಕಬ್ಬಿಣದ ಜಾಲರಿ ಹಾಕಿಸಬಹುದು. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಉತ್ತಮ. ಜಾಡಿಯನ್ನು ಮರದ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಉರುಳದಂತೆ ಕಟ್ಟಿರಬೇಕು. ದ್ರವ ತುಂಬುವ ಕೆಲಸವನ್ನು ಕೋಣೆಯೊಳಗೆ ಮಾಡದೆ ಹೊರಗಿನ ಜಗಲಿಯಲ್ಲಿ ಮಾಡತಕ್ಕದ್ದು. ಮಕ್ಕಳು ಅಲ್ಲಿ ಸುಳಿಯಕೂಡದು.

ದ್ರವ ಆಮ್ಲಜನಕದ ವಿಷಯವಾಗಿಯೂ ಎರಡು ಮಾತು ಹೇಳಬೇಕು. ೨೦೨೧ರ ಕೋವಿಡ್ ವ್ಯಾಧಿಯ ಕಾಲದಿಂದ ಅದರ ಟ್ಯಾಂಕರುಗಳನ್ನೂ ಆಸ್ಪತ್ರೆಯ ತೊಟ್ಟಿಗಳನ್ನೂ ಜನರು ಕಂಡಿದ್ದಾರೆ. ಅದು ಕುದಿಯುವುದು ಸೊನ್ನೆಗಿಂತ ೧೮೩ ಡಿಗ್ರಿ ಕೆಳಗೆ, ಬಣ್ಣ ತಿಳಿನೀಲಿ. ತಾನು ಉರಿಯದಿದ್ದರೂ ಉಳಿದುದನ್ನೆಲ್ಲ ಭಯಂಕರವಾಗಿ ಉರಿಸುತ್ತದೆ. ಇದ್ದಲಿನ ಪುಡಿಯನ್ನು ಅದರಲ್ಲಿ ನೆನೆಸಿ ಹಿಂದೆ ಗಣಿಗಳಲ್ಲಿ ಸಿಡಿಮದ್ದಾಗಿ ಬಳಸುತ್ತಿದ್ದರೆಂದರೆ ಅದರ ಶಕ್ತಿಯನ್ನು ಊಹಿಸಬಹುದು. ಟ್ಯಾಂಕರು ಮಗುಚಿದ ಕಡೆ ಬೀಡಿ ಹಚ್ಚುವುದಿರಲಿ, ದ್ರವ ಚೆಲ್ಲಿದ ಡಾಂಬರಿನ ಮೇಲೆ ಕಾಲಿಡುವುದೂ ಕೂಡದು. ಬಟ್ಟೆಗೆ ಅದರ ಆವಿ ತಗಲಿದ್ದರೆ ಬಹಳ ಹೊತ್ತು ಬಯಲಿನಲ್ಲಿ ಗಾಳಿಗೆ ನಿಂತಲ್ಲದೆ ಬೆಂಕಿಯ ಹತ್ತಿರ ಸುಳಿಯಕೂಡದು. ಸಾರಜನಕದ ಜಾಡಿಗೂ ಇದಕ್ಕೂ ಸಂಬಂಧವೊಂದುಂಟು: ಸಾರಜನಕವು ಆಮ್ಲಜನಕಕ್ಕಿಂತಲೂ ತಣ್ಣಗಿರುವುದರಿಂದ, ತೆರೆದ ಪಾತ್ರೆಯಲ್ಲಿ ಬಹುಕಾಲ ಬಿಟ್ಟರೆ ಗಾಳಿಯ ಆಮ್ಲಜನಕವನ್ನು ತನ್ನೊಳಕ್ಕೆ ಇಳಿಸಿಕೊಳ್ಳುತ್ತದೆ. ತಳದಲ್ಲಿ ಉಳಿದ ದ್ರವವು ನೀಲಿಯಾಗಿ ಕಂಡರೆ ಅದರ ಹತ್ತಿರ ಎಣ್ಣೆ, ಹುಲ್ಲು, ಬೆಂಕಿ ಯಾವುದೂ ಇರಕೂಡದು.

ಉಳಿದ ದ್ರವವನ್ನು ಚೆಲ್ಲಬೇಕಾದಲ್ಲಿ ಬಚ್ಚಲಿಗಾಗಲಿ ಚರಂಡಿಗಾಗಲಿ ಸುರಿಯದೆ, ಜನರೂ ರಾಸುಗಳೂ ಇಲ್ಲದ ಬಯಲಿನಲ್ಲಿ, ಮಣ್ಣಿನ ಮೇಲೆ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ನಿಧಾನವಾಗಿ ಸುರಿಯತಕ್ಕದ್ದು. ಶೂನ್ಯ ಕೆಟ್ಟ ಜಾಡಿಯನ್ನು ಬಾಯಿ ತೆರೆದು ಎರಡು ದಿನ ಹೊರಗಿಟ್ಟು, ಮತ್ತೆ ಯಾರೂ ತಿಳಿಯದೆ ತುಂಬದಂತೆ ಅದರ ಕತ್ತಿಗೆ ಕೆಂಪು ಬಣ್ಣ ಬಳಿದು, ಪಶುವೈದ್ಯಾಧಿಕಾರಿಗಳಿಗೆ ಅಥವಾ ಹಾಲು ಒಕ್ಕೂಟದವರಿಗೆ ಬರಹದ ಮೂಲಕ ತಿಳಿಸಿ ಒಪ್ಪಿಸತಕ್ಕದ್ದು.